ಗಾಳಿಯಂತ್ರದ ದೀಪ, ಮಿಡಿಯುವ ನಕ್ಷತ್ರ

ಇದನ್ನು ಬರೆಯಬೇಕು ಅಂದುಕೊಂಡಾಗಲೆಲ್ಲ ಏನಾದರೊಂದು ನೆಪ ಹುಡುಕಿ ಮುಂದಕ್ಕೆ ಹಾಕಿದ್ದೇನೆ. ಇವತ್ತು ಹಾಕುವುದಿಲ್ಲ.

ಐಮಂಗಲದ ಹತ್ತಿರದ ನಮ್ಮೂರಿನ ಮನೆಗೆ ನಾನೇ ಹಿರಿಯ. ನನ್ನ ಓದು ಹೈಸ್ಕೂಲಿಗೇ ನಿಂತಿತು. ತಮ್ಮ ತೀರಿಕೊಂಡ ಮೇಲೆ ಅವನ ಮಗಳ ವಿಷಯದಲ್ಲೂ ನನ್ನ ಮಾತೇ ಕೊನೆ. ಅವಳು ಎಂಎಸ್ಸಿ ಮುಗಿಸಿ, ನಕ್ಷತ್ರಗಳ ಸಂಶೋಧನೆಗೆ ದೂರದೂರಿಗೆ ಹೋಗುತ್ತೇನೆಂದಳು. ನಾನು ಹ್ಞೂಂ ಅನ್ನಲಿಲ್ಲ.

ಹೊಳಲ್ಕೆರೆಯ ನೆಂಟರು ಬಂದಿದ್ದ ದಿನ ಅವಳ ತಾಯಿ ಪಡಸಾಲೆಗೆ ಬಂದು ನನ್ನೆದುರು ನಿಂತಳು. ನಮ್ಮಲ್ಲಿ ತಮ್ಮನ ಹೆಂಡತಿ ಬಾವನಿಗೆ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ. ಮಗಳಿಂದ ಕಲಿತದ್ದನ್ನು ಪಾಠ ಒಪ್ಪಿಸುವಂತೆ ಹೇಳಿದಳು:

“ಬಾವಾರೆ, ಕೆಲವು ಚುಕ್ಕಿ ಉಬ್ತಾವೆ, ಕುಗ್ತಾವೆ. ಬೆಳಕೂ ಹಂಗೇ ಹೆಚ್ಚುಕಮ್ಮಿ ಆಗ್ತೈತೆ. ಅದ್ನ ನೋಡಿ ಎಷ್ಟು ದೂರ ಅಂತ ಹೇಳ್ಬೋದಂತೆ. ಹುಡುಗೀನ ಕಳಿಸ್ರಿ.”

“ಮಿಣುಕೋದು ನೋಡಾಕೆ ಅಷ್ಟು ದೂರ ಯಾಕಮ್ಮ? ಗುಡ್ಡದ ಫ್ಯಾನಿನ ನೆತ್ತಿ ಮೇಲೆ ದೀಪ ಮಿಣುಕ್ತೈತಲ್ಲ, ತಾಯಿ ಮಗಳು ಮಾಳಿಗೆ ಹತ್ತಿ ಕುಂತ್ಕಳ್ರಿ” ಅಂದೆ.

ನೆಂಟರು ಬಿದ್ದುಬಿದ್ದು ನಕ್ಕರು. ಗಾಳಿಯಂತ್ರದ ಆ ದೀಪ ತಮ್ಮನ ಹೆಂಡತಿಯ ಹೆಸರಿಗೇ ಅಂಟಿತು. ಹಿಟ್ಟಿನ ಗಿರಣಿಗೆ ಹೋದರೂ “ಬಂದ್ಲು ನೋಡ್ರಿ ಫ್ಯಾನ್ ದೀಪದಕ್ಕ” ಅನ್ನುತ್ತಿದ್ದರು. ಆದರೂ ಅವಳು ಬಿಡಲಿಲ್ಲ. ಮಗಳನ್ನು ತಾನೇ ಹಿರಿಯೂರಿಗೆ ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿದಳು. ಮನೆಯಲ್ಲಿ ಎರಡು ಒಲೆಯಾದವು.

ಕಳೆದ ದೀಪಾವಳಿಗೆ ಹುಡುಗಿ ಬಂದಾಗ ನಾನೇ ಕರೆದು, ಅಲ್ಲಿ ಏನು ಮಾಡುತ್ತೀ ಅಂತ ಕೇಳಿದೆ. ಪಕ್ಕದ ಗ್ಯಾಲಕ್ಸಿಗಳಲ್ಲಿ ಅಂಥ ನಕ್ಷತ್ರ ಹುಡುಕುವುದು ಅವಳ ಕೆಲಸ.

“ನಿಧಾನಕ್ಕೆ ಉಬ್ಬಿ ಕುಗ್ಗೋ ಚುಕ್ಕಿಗೆ ಬೆಳಕು ಜಾಸ್ತಿ ದೊಡ್ಡಪ್ಪ. ಒಂದು ಸುತ್ತಿಗೆ ಎಷ್ಟು ದಿನ ಅಂತ ನೋಡಿದ್ರೆ ಅದ್ರ ನಿಜವಾದ ಬೆಳಕು ತಿಳೀತೈತೆ. ನಮ್ಗೆ ಎಷ್ಟು ಮಂಕಾಗಿ ಕಾಣ್ತೈತೆ ಅನ್ನೋದ್ನ ಅದ್ರ ಜತೆ ಹೋಲಿಸಿದ್ರೆ, ಆ ಗ್ಯಾಲಕ್ಸಿ ಎಷ್ಟು ದೂರ ಅಂತ ಲೆಕ್ಕ ಸಿಗ್ತೈತೆ.”

ಅವಳ ತಾಯಿ ಅವತ್ತು ಹೇಳಿದ್ದೂ ಇದನ್ನೇ. ನನಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ.

“ತಪ್ಪಾಯ್ತು ಕಣವ್ವ” ಅಂದೆ.

“ನನ್ನತ್ರ ಯಾಕೆ ಹೇಳ್ತೀರ? ನಾನು ಹೋದ್ನಲ್ಲ, ಓದಿದ್ನಲ್ಲ. ಊರೋರ ಬಾಯಿಗೆ ಸಿಕ್ಕಿದ್ದು ಯಾರು?”

ಬಾವನಾದವನು ತಾನಾಗಿ ಹೋಗಿ ಹೇಗೆ ಮಾತಾಡುವುದು, ರೂಢಿ ಬೇಡವೇ ಅಂದೆ.

“ನಗಾಡುವಾಗ ಅಡ್ಡ ಬರ್ಲಿಲ್ವಾ ರೂಢಿ?” ಅಂದಳು.

ಆಮೇಲೂ ದಿನ ದೂಡಿದೆ. ಈಗ ಸಾಕು. ಈ ಭಾನುವಾರ ಹೊಳಲ್ಕೆರೆಯವರು ಮತ್ತೆ ಬರುತ್ತಾರೆ. ಅವರ ಮುಂದೆಯೇ ಎದ್ದು ನಿಂತು ಕ್ಷಮೆ ಕೇಳುತ್ತೇನೆ. ಅವಳು ಕ್ಷಮಿಸಲಿ, ಬಿಡಲಿ. ನಾನು ಇಷ್ಟು ವರ್ಷ ತಪ್ಪಾಯಿತು ಅನ್ನದೆ ಉಳಿಸಿಕೊಂಡಿರುವುದು ಒಬ್ಬಳೇ ಒಬ್ಬಳ ಹತ್ತಿರ: ನನ್ನ ತಮ್ಮನ ಹೆಂಡತಿ.