ಗಂಟಿನ ಕೆಳಗೆ ಕಡಿದ ಬಳ್ಳಿ

ಜೋರಾಪುರ ಪೇಟೆಯ ನಮ್ಮ ಪಕ್ಕದ ಮನೆಯವರು ಕಳೆದ ವಾರ ಅಂಗಳದ ದ್ರಾಕ್ಷಿ ಬಳ್ಳಿಯನ್ನು ಗಿಡ್ಡ ಮಾಡಿಸಿದರು. ಹಬ್ಬಿ ಹಬ್ಬಿ ಕಿಟಕಿಯೊಳಗೇ ಬರುತ್ತಿತ್ತಂತೆ. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಹಸಿ ಬಳ್ಳಿ ಕಡಿದ ವಾಸನೆ, ಒಂಚೂರು ಹುಳಿ ಹುಳಿಯಾದದ್ದು, ಗೋಡೆ ದಾಟಿ ಬಂತು. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು... ಕಲಮಿನ ಕಾಕಾ ನೆನಪಾದ.

ಆಗ ನಾವು ಟಿಕೋಟಾದಲ್ಲಿದ್ದೆವು. ನಮ್ಮ ದ್ರಾಕ್ಷಿ ತೋಟ, ಕಾಕಾನ ತೋಟ ಒಂದಕ್ಕೊಂದು ಹೊಂದಿಕೊಂಡಿದ್ದವು. ಅವನೇನು ನಮಗೆ ಸಂಬಂಧಿಕನಲ್ಲ, ಅಪ್ಪನ ದೋಸ್ತ. ಕಾಡುಬಳ್ಳಿಯ ಬೇರಿಗೆ ಒಳ್ಳೆಯ ಬಳ್ಳಿಯ ಕಡ್ಡಿ ಕೂಡಿಸಿ ಕಸಿ ಕಟ್ಟುವುದಕ್ಕೆ ನಮ್ಮ ಕಡೆ ಕಲಮು ಮಾಡುವುದು ಎನ್ನುತ್ತಾರೆ. ಆ ಕೆಲಸ ಊರಲ್ಲಿ ಇಬ್ಬರಿಗೇ ಬರುತ್ತಿತ್ತು, ಕಾಕಾನಿಗೆ ಮತ್ತು ಅವನಿಂದಲೇ ಕಲಿತ ಅವನ ತಮ್ಮನಿಗೆ. ಹೊಲ ಪಾಲಾದ ಮೇಲೆ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರು.

ನನಗಾಗ ಹತ್ತು ವರ್ಷ. ಒಂದು ದಿನ ಕಾಕಾ ನನ್ನನ್ನು ಬಳ್ಳಿಯ ಬುಡದಲ್ಲಿ ಕೂರಿಸಿಕೊಂಡು ತೋರಿಸಿದ್ದ. "ಇಲ್ಲಿ ನೋಡ ಯವ್ವಾ, ಇದು ಕಲಮಿನ ಗಂಟು. ಇದರ ಮ್ಯಾಲ ಕಡದ್ರ ಬಳ್ಳಿ ಮತ್ತ ಚಿಗೀತೈತಿ. ಕೆಳಗ ಕಡದ್ರ ಮುಗೀತು. ಬರೇ ಕಾಡ ಎದ್ದ ಬರತೈತಿ." ಊಟಕ್ಕೆ ಕೂತಾಗ ಅದನ್ನೆಲ್ಲ ಅಪ್ಪನ ಮುಂದೆ ಒಪ್ಪಿಸಿದೆ. ಮಗಳ ಮಾತಿಗೆ ಯಾವತ್ತೂ ಕಿವಿಗೊಡದ ಅಪ್ಪ ಅಂದು ತುತ್ತು ಹಿಡಿದುಕೊಂಡೇ ಕೇಳಿದ. ನನಗೆ ಹಿಗ್ಗೋ ಹಿಗ್ಗು.

ಮುಂದೆ ಫಾಲ್ಗುಣದ ಒಂದು ಬೆಳಿಗ್ಗೆ ನೋಡಿದರೆ ಕಾಕಾನ ತೋಟದಲ್ಲಿ ನಾಲ್ಕು ಸಾಲು ಬಳ್ಳಿ ಕಡಿದುಬಿದ್ದಿದ್ದವು. ಕೊಯ್ಲಿಗೆ ಬಂದ ಗೊನೆಗಳು ತಂತಿಯ ಮೇಲೇ ಬಾಡುತ್ತಿದ್ದವು. ಪ್ರತಿಯೊಂದು ಬಳ್ಳಿಯನ್ನೂ ಗಂಟಿನ ಒಂದು ಗೇಣು ಕೆಳಗೆ ಕಡಿದಿದ್ದರು. ಕಾಕಾ ಒಂದೊಂದೇ ಬುಡ ಮುಟ್ಟಿ ನೋಡುತ್ತ ಹೋದ. ಇದು ಕಲಮು ಬಲ್ಲವನ ಕೈ ಎಂದು ಅವನಿಗೆ ಅಲ್ಲೇ ಖಾತ್ರಿಯಾಯಿತು. ಕಟ್ಟಿಗೆ ಕಡಿಯುವ ಕೊಯ್ತಾ ಎತ್ತಿಕೊಂಡು ನೆಟ್ಟಗೆ ತಮ್ಮನ ಮನೆಗೆ ನಡೆದ.

ಆ ಕದಕ್ಕೆ ಬಿದ್ದ ಏಟುಗಳನ್ನು ನಾನು ಕಣ್ಣಾರೆ ಕಂಡೆ. ತೊಲೆಯಂಥ ಕದ ಸೀಳಿ ಚೆಕ್ಕೆ ಹಾರುತ್ತಿತ್ತು. ಪುಣ್ಯಕ್ಕೆ ತಮ್ಮ ಮನೆಯಲ್ಲಿರಲಿಲ್ಲ. ಒಳಗೆ ಅವನ ಹೆಂಡತಿ ಮಕ್ಕಳನ್ನು ಅವುಚಿಕೊಂಡು ಕಿರುಚುತ್ತಿದ್ದಳು. ಅಂಗಳದ ಹೊರಸನ್ನು ಕಾಕಾ ತುಂಡು ತುಂಡು ಮಾಡಿದ. ಬಿಡಿಸಲು ಹೋದವನೊಬ್ಬನ ಹೆಗಲು ಸೀಳಿ ಅಂಗಿ ಕೆಂಪಾಯಿತು. ಕೊನೆಗೆ ಐದು ಮಂದಿ ಕೂಡಿ ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಅವರಲ್ಲಿ ಅಪ್ಪನೂ ಇದ್ದ. ಬಾಯಿಗೆ ಮಣ್ಣು ಮೆತ್ತಿಕೊಂಡಿದ್ದರೂ ಕಾಕಾ ಕೂಗಿದ, "ಯುಗಾದಿ ಬೇವು ತಿನ್ನೂದರಾಗ ಅವನ್ನ ಕಡೀದಿದ್ರ ನಾ ನಮ್ಮಪ್ಪಗ ಹುಟ್ಟಿದಂವ ಅಲ್ಲ!"

ಹೇಳಿದ್ದನ್ನು ಮಾಡುವ ಮನುಷ್ಯ ಅವನು. ಊರಿಗೆ ಊರೇ ಹೆದರಿತು. ಅಪ್ಪನಂತೂ ಎರಡು ದಿನ ಅನ್ನ ಬಿಟ್ಟ. ಬೆಂಗಳೂರಿನಲ್ಲಿ ನನ್ನ ಸೋದರತ್ತೆ ಇದ್ದಳು. ಹಬ್ಬ ದಾಟುವ ತನಕ ಕಾಕಾನನ್ನು ಅಲ್ಲಿಟ್ಟರೆ ಸಿಟ್ಟು ಇಳಿದೀತು ಎಂದು ಅಪ್ಪ ಅವನನ್ನು ಕೈಕಾಲು ಹಿಡಿದು ಒಪ್ಪಿಸಿದ. ಹುಡುಗಿ ಜೊತೆಗಿದ್ದರೆ ತಣ್ಣಗಿರುತ್ತಾನೆ ಎಂದು ನನ್ನನ್ನೂ ಕರೆದುಕೊಂಡ. ಎಂಥ ದೋಸ್ತಿ ಎಂದು ಜನ ಅಪ್ಪನನ್ನು ಹೊಗಳಿದ್ದೇ ಹೊಗಳಿದ್ದು.

ಎರಡನೇ ದಿನ ಲಾಲ್‌ಬಾಗಿಗೆ ಹೋದೆವು. ವಸಂತ ಆಗಲೇ ಬಂದುಬಿಟ್ಟಿತ್ತು. ಎಲೆಯೇ ಇಲ್ಲದ ಮರಗಳ ಮೈತುಂಬ ಹಳದಿ ಹೂ, ದಾರಿ ಮೇಲೂ ಹಳದಿ. ನಮ್ಮ ಬಿಸಿಲಿನ ಊರಿಂದ ಹೋದ ನಾನು ಬಾಯಿ ತೆರೆದುಕೊಂಡೇ ನಡೆದೆ. ಬೂರುಗದ ಮರದ ಬೇರುಗಳು ಆಳೆತ್ತರ ಇದ್ದವು, ಅವುಗಳ ಸಂದಿಯಲ್ಲಿ ಅಡಗಿ ಆಡಿದೆ. ಊರು ಬಿಟ್ಟ ಮೇಲೆ ಮೊದಲ ಸಲ ಕಾಕಾ ನಕ್ಕ. ಅಪ್ಪ ನಿಟ್ಟುಸಿರು ಬಿಟ್ಟು ಶೇಂಗಾ ಕೊಡಿಸಿದ.

ಆಮೇಲೆ ಗುಲಾಬಿಯ ಮಡಿಗಳು ಬಂದವು. ಗುಲಾಬಿಗೂ ಕಲಮು ಕಟ್ಟಿರುತ್ತಾರೆ. ಕಾಕಾ ಮುಂಗಾಲ ಮೇಲೆ ಕೂತು ಗಿಡದ ಬುಡ ಸವರಿ ಗಂಟು ಹುಡುಕಿದ. ಅವನ ಮುಖ ಮತ್ತೆ ಕಪ್ಪಿಟ್ಟಿತು.

"ನಾನ ಕಲಿಸಿದ್ನಲ್ಲೋ ದೋಸ್ತ ಅವಗ. ಗಂಟಿನ ಕೆಳಗ ಕಡೀಬೇಕು ಅನ್ನೂದು ಊರಾಗ ಯಾರಿಗೆ ಗೊತ್ತೈತಿ? ನನಗ, ಅವಗ. ಇಬ್ಬರಿಗ."

ನಾನು ಶೇಂಗಾ ಸುಲಿಯುತ್ತಿದ್ದೆ. ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವಲ್ಲ ಎಂದು ಸಿಟ್ಟು ಬಂತು.

"ಯಾಕ ಕಾಕಾ, ನನಗೂ ಗೊತ್ತೈತಿ. ಅಪ್ಪಗೂ ಗೊತ್ತೈತಿ. ನಾನ ಹೇಳೀನಿ."

"ಹುಡುಗಿ... ಏನರೆ ಒದರತಾಳ," ಎಂದ ಅಪ್ಪ. ದನಿ ಒಡೆದಿತ್ತು.

ಕಾಕಾ ತಲೆ ಎತ್ತಿ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ರಸ್ತೆಗೆ ಹತ್ತಿದ ನಿನ್ನ ತೋಟ ನನಗೆ ಮಾರು ಎಂದು ಅಪ್ಪ ಮೂರು ವರ್ಷದಿಂದ ಕೇಳುತ್ತಿದ್ದುದೂ, ಕಾಕಾ ಒಲ್ಲೆ ಎನ್ನುತ್ತಿದ್ದುದೂ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಕಾಕಾನಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

ಮೊದಲ ಹೊಡೆತಕ್ಕೇ ಅಪ್ಪ ಗುಲಾಬಿ ಗಿಡಗಳ ಮೇಲೆ ಬಿದ್ದ. ಮುಳ್ಳು ಗೀರಿ ಕೆನ್ನೆ ಹರಿಯಿತು. ಕಾಕಾ ಎದೆಯ ಮೇಲೆ ಕೂತು ಗುದ್ದಿದ, ಹಲ್ಲು ಮುರಿದದ್ದು ಕೇಳಿಸಿತು. ಅಪ್ಪ ಬೇಡಿಕೊಳ್ಳಲೂ ಇಲ್ಲ. ಕಾಕಾ ಅವನ ಬಲಗೈ ಮಣಿಕಟ್ಟನ್ನು ಮೊಣಕಾಲಿಂದ ಒತ್ತಿ, ಸೊಂಟದ ಕಲಮಿನ ಚಾಕು ತೆಗೆದ. ಕಡ್ಡಿ ಕೊಯ್ಯುವಷ್ಟೇ ಸಲೀಸಾಗಿ ಎರಡು ಬೆರಳು ಕೊಯ್ದ. ನಾನು ಚೀರಿದೆ. ರಕ್ತ ನನ್ನ ಲಂಗಕ್ಕೆ ಸಿಡಿಯಿತು. ದೂರದಲ್ಲೆಲ್ಲೋ ಸೀಟಿ ಊದಿದರು.

ನನ್ನ ಚೀರಾಟಕ್ಕೆ ಕಾಕಾ ನಿಂತ. ನನ್ನನ್ನು ನೋಡಿದ. ಜೇಬಿನಿಂದ ಕಲಮು ಕಟ್ಟುವ ಪ್ಲಾಸ್ಟಿಕ್ ಪಟ್ಟಿ ತೆಗೆದು ಅಪ್ಪನ ಬೆರಳ ಬುಡಕ್ಕೆ ಸುತ್ತ ಸುತ್ತ ಬಿಗಿದು ಕಟ್ಟಿದ, ಬಳ್ಳಿಗೆ ಹೇಗೆ ಕಟ್ಟುತ್ತಿದ್ದನೋ ಹಾಗೆಯೇ, ಕೊನೆಗೆ ಹಲ್ಲಿನಿಂದ ಎಳೆದು ಗಂಟು ಹಾಕಿ.

"ನಮ್ಮ ತಮ್ಮನ್ನ ಕಡೀತಿದ್ನಲ್ಲೋ..." ಎಂದ. ಎದ್ದು ಹಳದಿ ಹೂವಿನ ದಾರಿಯಲ್ಲಿ ನಡೆದುಬಿಟ್ಟ. ಓಡಲಿಲ್ಲ. ಕೈಯ ರಕ್ತ ನೋಡಿ ಜನ ತಾವಾಗಿ ದಾರಿ ಬಿಟ್ಟರು.

ಅವನು ಟಿಕೋಟಾಕ್ಕೆ ಮರಳಿ ಬರಲೇ ಇಲ್ಲ. ಆ ತೋಟವನ್ನು ತಮ್ಮನೇ ನೋಡಿಕೊಂಡ, ಬಾಬಾನಗರದಲ್ಲಿ ಕಂಡರಂತೆ, ಸಾಂಗಲಿಯಲ್ಲಿ ಕಂಡರಂತೆ ಎಂದು ಅಣ್ಣನನ್ನು ಹುಡುಕಿಕೊಂಡು ವರ್ಷಗಟ್ಟಲೆ ಅಲೆದ. ಅಪ್ಪ ಯಾರ ಮೇಲೂ ದೂರು ಕೊಡಲಿಲ್ಲ. ಬೆರಳು ಯಂತ್ರಕ್ಕೆ ಸಿಕ್ಕಿತು ಎಂದು ಸಾಯುವ ತನಕ ಹೇಳಿದ, ಹೇಳುವಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ. ಕಾಕಾ ಬದುಕಿದ್ದರೆ ಈಗ ಎಪ್ಪತ್ತು ದಾಟಿರಬೇಕು... ನನ್ನ ಬಾಯಿಂದಲೇ ಅವನ ಬಳ್ಳಿ ಹೋದವು, ನನ್ನ ಬಾಯಿಂದಲೇ ಅವನ ತಮ್ಮ ಉಳಿದ. ಒಂದಕ್ಕೊಂದು ಸರಿಹೋಯಿತು ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳುವುದಿಲ್ಲ.

ಬಟ್ಟೆ ಹಾಗೇ ಬಿಟ್ಟು ಕೆಳಗಿಳಿದು ಪಕ್ಕದ ಅಂಗಳಕ್ಕೆ ಹೋದೆ. ಬುಡದಲ್ಲಿ ಕೂತು ಬೆರಳಿಂದ ಸವರಿದೆ. ಗಂಟು ಇರಲಿಲ್ಲ. ಅದು ಕಡಿದು ಎಸೆದ ತುಂಡಿನ ಜೊತೆ ಕಸದಲ್ಲಿ ಬಿದ್ದಿತ್ತು. ಮೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಳಿಗಾಲದಾಗ ಮತ್ತ ಚಿಗೀತೈತಿ, ಅಲ್ರೀ?" ಎಂದರು ಮನೆಯಾಕೆ.

ಈ ಸಲ ನಾನು ಬಾಯಿ ಬಿಡಲಿಲ್ಲ.