ದರ್ಜಿಯ ಕನ್ನಡಿಯ ಮುಂದೆ

ದರ್ಜಿಗೆ ಕೈಯಷ್ಟೇ ಬಾಯಿಯೂ ಚುರುಕು. ಅಂಗಡಿಗೆ ಅರ್ಧ ಜನ ಬಟ್ಟೆ ಹೊಲಿಸಲು ಬಂದರೆ, ಇನ್ನರ್ಧ ಜನ ದರ್ಜಿಯ ಅಣಕು ನೋಡಲು ಬರುತ್ತಿದ್ದರು. ಬೀದಿಯಲ್ಲಿ ಯಾರ ನಡಿಗೆಯನ್ನೂ, ಯಾರ ತೊದಲನ್ನೂ ಬಿಟ್ಟವರಲ್ಲ. ಹೆಂಡತಿಯನ್ನಾದರೂ ಬಿಡಬಹುದಿತ್ತು.

ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ ಆಕೆಗೆ ಬಾಯಿ ಒಣಗುವುದು, ತುತ್ತು ಗಂಟಲಲ್ಲೇ ನಿಂತಂತಾಗುವುದು ಶುರುವಾಯಿತು. ನುಂಗುವುದು ಸಲೀಸಾಗಲೆಂದು ಹಲ್ಲಿನ ಆಸ್ಪತ್ರೆಯ ನರ್ಸ್ ಬಾಯಿಗೆ ವ್ಯಾಯಾಮ ಹೇಳಿಕೊಟ್ಟಳು. ಕೆನ್ನೆ ಉಬ್ಬಿಸಿ ಗಾಳಿಯನ್ನು ಅತ್ತಿಂದಿತ್ತ ಆಡಿಸಬೇಕು, ನಾಲಿಗೆ ಚಾಚಿ ಮೂಗಿನತ್ತ ಎಳೆಯಬೇಕು, ಊಟಕ್ಕೆ ಮುಂಚೆ 'ಪ, ಟ, ಕ' ಎಂದು ಗಟ್ಟಿಯಾಗಿ ಹೇಳಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಗಳಿಲ್ಲದ ಹೊತ್ತು ನೋಡಿ ಆಕೆ ಪರದೆಯ ಹಿಂದೆ, ಬಟ್ಟೆ ಹಾಕಿ ನೋಡುವ ಕನ್ನಡಿಯ ಮುಂದೆ ನಿಂತು ಶ್ರದ್ಧೆಯಿಂದ ಮಾಡುತ್ತಿದ್ದಳು.

ಒಂದು ಸಂಜೆ ಅಂಗಡಿ ತುಂಬ ಜನ. ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಂತರು.

"ನಮ್ಮನೆಯವಳ ಕಸರತ್ತು ನೋಡಿದ್ದೀರಾ?"

ಕೆನ್ನೆ ಉಬ್ಬಿಸಿದರು, ಮೆಳ್ಳಗಣ್ಣು ಮಾಡಿ ನಾಲಿಗೆ ಚಾಚಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಪರದೆ ಸರಿಸಿ ಟೀ ತಂದ ಹೆಂಡತಿ ಅದನ್ನು ಕಂಡು, ತಟ್ಟೆ ಇಟ್ಟು ಒಳಗೆ ಹೋದಳು. ತಾನು ಮಹಾ ಗೆದ್ದೆ ಅಂದುಕೊಂಡಿತು ದರ್ಜಿಯ ಆ ಬುದ್ಧಿಗೇಡಿ ಜೀವ.

ಮರುದಿನದಿಂದ ಆಕೆ ಕನ್ನಡಿಯ ಮುಂದೆ ನಿಲ್ಲಲಿಲ್ಲ. ಗಿರಾಕಿಯ ಭುಜ ಕೂದಲೆಳೆಯಷ್ಟು ಇಳಿದಿದ್ದರೂ ಬಾಗಿಲಲ್ಲೇ ಕಂಡುಹಿಡಿಯುವ ದರ್ಜಿಗೆ, ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣತೊಡಗಿದ್ದು ಕಾಣಲಿಲ್ಲ. ನೀರು ಕುಡಿದರೂ ಕೆಮ್ಮು, ಮಾತೂ ಜಾರುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ಉಂಡದ್ದು ಶ್ವಾಸಕೋಶಕ್ಕೆ ಇಳಿದು, ಜ್ವರ ಬಂದು ಆಸ್ಪತ್ರೆ ಸೇರಿದಾಗ ನೋಡಲು ಬಂದ ಅದೇ ನರ್ಸ್ ಕೇಳಿದಳು: "ವ್ಯಾಯಾಮ ಯಾಕಮ್ಮ ಬಿಟ್ಟುಬಿಟ್ರಿ? ಚೆನ್ನಾಗಿ ಮಾಡ್ತಿದ್ರಲ್ಲ."

ಆಕೆ ಗಂಡನತ್ತ ನೋಡಲೂ ಇಲ್ಲ. "ಪುರುಸೊತ್ತಾಗ್ಲಿಲ್ಲಮ್ಮ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಆ ಒಂದು ಸುಳ್ಳು ಕೇಳಿ ದರ್ಜಿ ಎದ್ದು ಹೊರಗೆ ಹೋದರು.

ಈಗ ಅಂಗಡಿ ಮಧ್ಯಾಹ್ನವೇ ಮುಚ್ಚುತ್ತದೆ. ನುಣ್ಣಗೆ ಕಿವುಚಿದ ಅನ್ನದ ಬಟ್ಟಲು ಪಕ್ಕಕ್ಕಿಟ್ಟು, ಕನ್ನಡಿಯ ಮುಂದೆ ಎರಡು ಸ್ಟೂಲು ಹಾಕಿ, ದರ್ಜಿ ಮೊದಲು ತಾವೇ ಕೆನ್ನೆ ಉಬ್ಬಿಸುತ್ತಾರೆ, ನಾಲಿಗೆ ಚಾಚುತ್ತಾರೆ. ಬೀದಿಯನ್ನೆಲ್ಲ ನಗಿಸಿದ ಅದೇ ಮುಖ. ಆಕೆ ನಗುವುದಿಲ್ಲ. ಬಾಯಿ ತೆರೆಯುವ ಮೊದಲು ಅಂಗೈ ಅಡ್ಡ ಹಿಡಿಯುತ್ತಾಳೆ.

"ಕೈ ತೆಗಿಯೇ, ಇಲ್ಲಿ ಯಾರೂ ಇಲ್ಲ" ಅಂದರು ನಿನ್ನೆ.

ಆಕೆ ಕೈ ತೆಗೆಯಲಿಲ್ಲ. ಅದರ ಹಿಂದಿನಿಂದಲೇ ತಡವರಿಸುತ್ತ ಹೇಳಿದಳು: "ನೀವಿದ್ದೀರಲ್ಲ."