ಪೂರ್ತಿ ವಂತಿಗೆ

ಗಾದ್ರಮ್ಮ, ಕೋಂ ಬೈಲಪ್ಪ. ವಯಸ್ಸು ಮೂವತ್ತೆರಡು. ಊರು ಜಗಳೂರು ತಾಲ್ಲೂಕಿನ ಕಮರದಹಳ್ಳಿ. ಅತ್ತೆ ಹುಲಿಗೆಮ್ಮ, ಭಾವ ಹಾಲೇಶಪ್ಪ, ಹೆಣ್ಣುಮಕ್ಕಳು ಭೀಮಕ್ಕ ಮತ್ತು ಬಂಗಾರಮ್ಮ. ಗಂಡುಮಕ್ಕಳಿಲ್ಲ. ಗಂಡ ತೀರಿಕೊಂಡಿದ್ದಾನೆ. ೧೯೩೭ನೆಯ ಇಸವಿಯ ಯುಗಾದಿಗೆ ಮೊದಲು ಯಾರಾದರೂ ಈಕೆಯ ವಿಷಯ ವಿಚಾರಿಸಿದ್ದರೆ ಊರಿನವರು ಇಷ್ಟು ಹೇಳಿ ಸುಮ್ಮನಾಗುತ್ತಿದ್ದರು. ಯುಗಾದಿಯ ನಂತರ ಇಷ್ಟಕ್ಕೇ ನಿಲ್ಲಿಸುವುದು ಯಾರಿಂದಲೂ ಆಗಲಿಲ್ಲ.

ಕಮರದಹಳ್ಳಿಯ ಗಂಡಸರು ಬೇಸಿಗೆ ಕಾಲಿಡುವ ಮೊದಲೇ ಕುರಿ ಹೊಡೆದುಕೊಂಡು ಚನ್ನಗಿರಿಯ ಕಡೆಗೆ ನಡೆದುಬಿಡುತ್ತಿದ್ದರು. ಸೂಳೆಕೆರೆಯ ನೀರುಂಡ ಗದ್ದೆಗಳಲ್ಲಿ ಬತ್ತ ಕೊಯ್ದಾದ ಮೇಲೆ ಕೂಳೆ ಉಳಿದಿರುತ್ತದೆ. ಗದ್ದೆಯ ಒಡೆಯರಿಗೆ ಗೊಬ್ಬರ ಬೇಕಿರುತ್ತದೆ. ಮಂದೆ ನಿಲ್ಲಿಸಿದವರಿಗೆ ಬತ್ತ ಅಳೆದು ಕೊಡುತ್ತಿದ್ದರು. ಹೀಗೆ ಹೋದ ಬೈಲಪ್ಪ ಹಿಂದಿನ ಬೇಸಿಗೆಯಲ್ಲಿ ತ್ಯಾವಣಿಗೆಯ ಹತ್ತಿರ ಚಳಿಜ್ವರ ಹಿಡಿದು ಅಲ್ಲೇ ತೀರಿಕೊಂಡ. ಜೊತೆಯವರು ಅವನನ್ನು ಕಾಲುವೆಯ ಏರಿಯ ಕೆಳಗೆ ಮಣ್ಣು ಮಾಡಿ, ಕುರಿಗಳನ್ನೂ ನಾಯಿಯನ್ನೂ ಅವನು ಹೊದೆಯುತ್ತಿದ್ದ ಕರಿಯ ಕಂಬಳಿಯನ್ನೂ ಊರಿಗೆ ತಂದು ಒಪ್ಪಿಸಿದರು. ಸತ್ತವನ ಕಂಬಳಿಯನ್ನು ದಾನ ಮಾಡಬೇಕೆಂದು ಹೇಳಿದವರುಂಟು. ಗಾದ್ರಮ್ಮ ಅದನ್ನು ಬೂದಿನೀರಿನಲ್ಲಿ ಒಗೆದು, ಒಣಗಿಸಿ, ಮಡಿಸಿ, ಅಟ್ಟದ ಮೇಲಿಟ್ಟಳು.

ಊರದೇವತೆ ಕರಿಯಮ್ಮನಿಗೆ ಪ್ರತಿ ಮನೆಯೂ ವರ್ಷಕ್ಕೊಮ್ಮೆ ವಂತಿಗೆ ಸಲ್ಲಿಸಬೇಕು. ಎರಡು ಕೊಳಗ ಜೋಳ, ಒಂದು ಸೇರು ಕುಸುಬೆ ಎಣ್ಣೆ. ಇದರಲ್ಲಿಯೇ ಪೂಜಾರಿಯ ಊಟ, ಇದರಲ್ಲಿಯೇ ವರ್ಷವಿಡೀ ಗುಡಿಯ ಸಂಜೆದೀಪ. ಯುಗಾದಿಯ ಮರುದಿನ ಗುಡಿಯ ಮುಂದೆ ಊರ ಯಜಮಾನ ಓಬಳಪ್ಪನು ಮನೆಯ ಗಂಡಸಿನ ಹೆಸರು ಹಿಡಿದು ಒಂದೊಂದೇ ಮನೆಯನ್ನು ಕೂಗುವನು. ಕೂಗಿಸಿಕೊಂಡವನು ಬಂದು ಕಾಳು ಸುರಿದು ವೀಳ್ಯ ತೆಗೆದುಕೊಳ್ಳುವನು. ಗಂಡಸಿಲ್ಲದ ಮನೆಗೆ ಮಾತ್ರ ಅರ್ಧ ವಂತಿಗೆ. ಅದನ್ನು ಕನಿಕರವೆಂದು ಕರೆಯುತ್ತಿದ್ದರು. ಅರ್ಧ ವಂತಿಗೆಯ ಮನೆಯನ್ನು ಕೂಗುವ ಪದ್ಧತಿ ಇರಲಿಲ್ಲ, ಅದಕ್ಕೆ ವೀಳ್ಯವೂ ಇಲ್ಲ. ಆ ಕಾಳನ್ನು ಹತ್ತಿರದ ದಾಯಾದಿ ತನ್ನ ಕಾಳಿನೊಂದಿಗೆ ಕೂಡಿಸಿ ಸುರಿಯುತ್ತಿದ್ದನು. ಸುರಿದ ಆ ಗಳಿಗೆಯಿಂದ ಆ ಮನೆಯ ಒಲೆ ಅವನ ಒಲೆಗೆ ಸೇರಿದಂತೆ. ಹೊಲಕ್ಕೆ ಏನು ಬಿತ್ತಬೇಕು, ಯಾವ ಕುರಿ ಮಾರಬೇಕು, ಹೆಣ್ಣನ್ನು ಎಲ್ಲಿಗೆ ಕೊಡಬೇಕು ಎಂಬ ಮಾತೆಲ್ಲ ಆಮೇಲೆ ಅವನದೇ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹಾಲೇಶಪ್ಪ ತಮ್ಮನ ಮನೆಗೆ ಬಂದು ಜಗಲಿಯ ಮೇಲೆ ಕುಳಿತನು. ಕೆಟ್ಟವನಲ್ಲ, ಊರು ನಡೆದ ಹಾದಿಯಲ್ಲಿ ತಾನೂ ನಡೆಯುವವನು. ಗಾದ್ರಮ್ಮ ಕಾಳು ಹೊಂದಿಸುವ ಕಷ್ಟವನ್ನೂ ಪಡಬೇಕಾಗಿಲ್ಲ, ಆ ಅರ್ಧವನ್ನು ತಾನೇ ಹಾಕುವೆನೆಂದು ತಿಳಿಸಿದನು. ಏಳುವಾಗ, ತನ್ನ ಹೆಂಡತಿಯ ತಮ್ಮನಿಗೆ ಭೀಮಕ್ಕನನ್ನು ಕೊಡುವ ಯೋಚನೆಯಿದೆಯೆಂದು ಮತ್ತೊಂದು ಮಾತನ್ನೂ ಸೇರಿಸಿದನು. ಆ ತಮ್ಮನು ಒಬ್ಬ ಹೆಂಡತಿಯನ್ನು ಆಗಲೇ ಮಣ್ಣಿಗಿಟ್ಟು ಬಂದವನು. ಭೀಮಕ್ಕನಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ.

ಹಾಲೇಶಪ್ಪ ಹೋದ ಮೇಲೆ ಗಾದ್ರಮ್ಮ ಜೋಳದ ಗುಡಾಣದ ಬಾಯಿ ತೆರೆದು ಕೈಯಿಳಿಬಿಟ್ಟು ನೋಡಿದಳು. ಆ ವರ್ಷ ಮಳೆ ಹಿಂದಾಗಿ ತೆನೆ ಸಣ್ಣದಾಗಿತ್ತು. ಪೂರ್ತಿ ವಂತಿಗೆ ಕೊಟ್ಟರೆ ಆಷಾಢದ ಹೊತ್ತಿಗೆ ಗುಡಾಣದ ತಳ ಕಾಣುವುದು ಖಂಡಿತ. ಅರ್ಧವೇ ಕೊಟ್ಟರೆ, ಅಥವಾ ಭಾವನೇ ಕೊಟ್ಟರೆ, ಮಕ್ಕಳಿಗೆ ಅಷ್ಟು ರೊಟ್ಟಿ ಹೆಚ್ಚು. ಆದರೆ ಹಾಗೆ ಉಳಿಸಿದ ಜೋಳದ ರೊಟ್ಟಿಯನ್ನು ತಿಂದು ಬೆಳೆದ ಹುಡುಗಿಯನ್ನು ಹಾಲೇಶಪ್ಪ ಬಂದು ಕೈಹಿಡಿದು ಕರೆದುಕೊಂಡು ಹೋಗುವನು. ಲೆಕ್ಕವನ್ನು ಅವಳು ಹೀಗೆ ಮುಗಿಸಿದಳು.

ಮರುದಿನದಿಂದ ಬೀಸುಕಲ್ಲಿಗೆ ಕಾಳು ಹಾಕುವ ಮುನ್ನ ಎರಡು ಹಿಡಿಯನ್ನು ಬೇರೆಯೊಂದು ಮಣ್ಣಿನ ಗಡಿಗೆಗೆ ಹಾಕಲಾರಂಭಿಸಿದಳು. ಮಕ್ಕಳ ರೊಟ್ಟಿ ಕಿರಿದಾಗಲಿಲ್ಲ, ಅವಳದು ಆಯಿತು. ಎಣ್ಣೆಗಾಗಿ ಕಂಬಳಿ ನೇಯುವವರ ಮನೆಯಿಂದ ಉಣ್ಣೆ ತಂದು ನೂತು ಕೊಟ್ಟಳು.

ಗಡಿಗೆಯ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಹುಲಿಗೆಮ್ಮ ಹಿರಿಯ ಮಗನ ಮನೆಯಲ್ಲಿದ್ದವಳು. ತನ್ನ ಗಂಡ ಸತ್ತ ವರ್ಷ ಅವಳ ಒಲೆಯೂ ಹೀಗೆಯೇ ಹಾಲೇಶಪ್ಪನ ಒಲೆಗೆ ಸೇರಿತ್ತು. ಅವಳು ಬಾಗಿಲಲ್ಲಿ ನಿಂತೇ ಕೇಳಿದಳು.

"ಏನೇ ಗಾದ್ರಿ, ಕರಿಯಮ್ಮ ನಿನ್ನ ಬಾಗಿಲಿಗೆ ಬಂದು ಅರ್ಧ ಸಾಲಲ್ಲ ಅಂದ್ಲೇನು?"

"ಕರಿಯಮ್ಮ ಏನೂ ಅಂದಿಲ್ಲ ಅತ್ತೆ. ಅರ್ಧ ಅಂದೋರು ಗಂಡಸ್ರು."

"ನಾನು ಅರ್ಧ ಕೊಟ್ಟು ಬಾಳ್ವೆ ಮಾಡ್ಲಿಲ್ವ? ನನಗೇನು ಕಮ್ಮಿ ಆಗೈತೆ?"

ಗಾದ್ರಮ್ಮ ಬೀಸುಕಲ್ಲಿನ ಗೂಟ ಹಿಡಿದ ಕೈಯನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಮತ್ತೆ ಕಲ್ಲು ತಿರುಗಿಸತೊಡಗಿದಳು. ಹುಲಿಗೆಮ್ಮ ಇನ್ನೂ ಏನೋ ಗೊಣಗುತ್ತ ಹೊರಟುಹೋದಳು.

ಪಕ್ಕದ ಮನೆಯ ದುರುಗಕ್ಕ ಮಾತ್ರ ಅವಳ ಪರವಾಗಿದ್ದಳು. ಅವಳ ಸಲಹೆಯೇ ಬೇರೆ. ಎರಡು ಯಾಕೆ, ಮೂರು ಕೊಳಗ ಸುರಿದುಬಿಡು, ಯಜಮಾನನ ಬಾಯಿ ತಾನಾಗಿ ಮುಚ್ಚುತ್ತದೆ. ಬೇಕಾದರೆ ಒಂದು ಕೊಳಗ ತಾನು ಕೊಡುವೆನೆಂದಳು. ಗಾದ್ರಮ್ಮ ಅದಕ್ಕೂ ಒಪ್ಪಲಿಲ್ಲ.

"ಹೆಚ್ಚು ಹಾಕಿದ್ರೆ ಅದನ್ನ ತಪ್ಪುಕಾಣಿಕೆ ಅಂತಾರೆ, ದುರುಗಕ್ಕ. ನಾನೇನು ತಪ್ಪು ಮಾಡೀನಿ? ಒಂದು ಮನೆಗೆ ಎಷ್ಟೋ ಅಷ್ಟು. ಅದರ ಮ್ಯಾಲೆ ಒಂದು ಕಾಳೂ ಹಾಕಾಕಿಲ್ಲ."

ಯುಗಾದಿಯ ಮರುದಿನ ಗುಡಿಯ ಮುಂದೆ ಊರು ಸೇರಿತು. ಗಂಡಸರು ಕಟ್ಟೆಯ ಸುತ್ತ, ಹೆಂಗಸರು ಬೇವಿನ ಮರದ ನೆರಳಿನಲ್ಲಿ. ಕುರಿಯೊಂದಿಗೆ ಸೂಳೆಕೆರೆಯ ಕಡೆಗೆ ಹೋಗಿ ಇನ್ನೂ ಹಿಂದಿರುಗದ ಗಂಡಸರೂ ಹಲವರಿದ್ದರು. ಅಂಥವರ ಮನೆಗೆ ಊರಿನಲ್ಲಿ ಹಳೆಯ ಏರ್ಪಾಡೊಂದಿತ್ತು: ಮನೆಯ ಹೆಂಗಸು ಗಂಡನ ಕಂಬಳಿಯನ್ನು ತಂದು ಹಾಸುವಳು, ಅದರ ಮುಂದೆ ಕಾಳು ಸುರಿಯುವಳು, ಯಜಮಾನನು ವೀಳ್ಯವನ್ನು ಕಂಬಳಿಯ ಮೇಲೆ ಇಡುವನು. ಕುರಿ ಕಾಯುವವನ ಗದ್ದುಗೆಯೇ ಕಂಬಳಿ. ಅದು ಹಾಸಿದ್ದರೆ ಅವನು ಕುಳಿತಂತೆ.

ಓಬಳಪ್ಪ ಹೆಸರುಗಳನ್ನು ಕೂಗುತ್ತ ಹಾಲೇಶಪ್ಪನವರೆಗೆ ಬಂದನು. ಹಾಲೇಶಪ್ಪ ಎದ್ದು ತನ್ನ ಎರಡು ಕೊಳಗವನ್ನು ಸುರಿದು, ತಮ್ಮನ ಮನೆಯದೆಂದು ಮತ್ತೊಂದು ಕೊಳಗಕ್ಕೆ ಕೈ ಹಾಕಿದನು. ಅಷ್ಟರಲ್ಲಿ ಗಾದ್ರಮ್ಮ ಬೇವಿನ ನೆರಳಿನಿಂದ ಎದ್ದು ಬಂದಳು. ತಲೆಯ ಮೇಲೆ ಗಡಿಗೆ, ಕಂಕುಳಲ್ಲಿ ಕಂಬಳಿ. ಹಿಂದೆ ಎಣ್ಣೆಯ ತಂಬಿಗೆ ಹಿಡಿದ ಭೀಮಕ್ಕ. ಗಡಿಗೆಯಿಳಿಸಿ, ಕಂಬಳಿ ಕೊಡವಿ, ಕಟ್ಟೆಯ ಮುಂದೆ ನಾಲ್ಕು ಮೂಲೆಯನ್ನೂ ಎಳೆದು ಹಾಸಿದಳು.

"ಭಾವ, ಆ ಕೊಳಗ ತಗೀರಿ. ನಮ್ಮ ಮನೇದು ಇಲ್ಲೈತೆ."

ಓಬಳಪ್ಪ ವಯಸ್ಸಾದವನು, ಸಿಡುಕುವವನಲ್ಲ. ಅವಳನ್ನು ತಾಯೀ ಎಂದೇ ಕರೆದು, ಊರು ಅವಳಿಗೆ ಅರ್ಧ ಬಿಟ್ಟಿದೆ, ಬಿಟ್ಟಿದ್ದನ್ನು ಒಲ್ಲೆನೆನ್ನಬಾರದೆಂದು ತಿಳಿಯಹೇಳಿದನು. ಮೇಲಾಗಿ ಕಂಬಳಿ ಹಾಸುವುದು ಕುರಿಗೆ ಹೋದವರ ಮನೆಯವರೆಂದೂ ನೆನಪಿಸಿದನು.

"ನನ್ನ ಗಂಡನೂ ಕುರಿಗೇ ಹೋಗ್ಯಾನೆ, ಯಜಮಾನ್ರೆ. ಇದೇ ಊರಿಂದ, ನಿಮ್ಮ ಕಣ್ಣೆದುರಿಗೇ ಹೋದ. ಬರಾದು ತಡ ಆಗೈತೆ, ಅಷ್ಟೇ."

ಯಾರೋ ನಕ್ಕರು, ನಗು ಅಲ್ಲಿಗೇ ನಿಂತಿತು. ಓಬಳಪ್ಪ ಕಂಬಳಿಯ ಕಡೆಗೆ ನೋಡಿದನು. ಅದು ಬೈಲಪ್ಪನದೇ ಎನ್ನುವುದಕ್ಕೇನು ಗುರುತು, ಸತ್ತವನ ಕಂಬಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವವರುಂಟೇ ಎಂದು ಕಟ್ಟೆಯ ಮೇಲಿದ್ದವನೊಬ್ಬ ಕೇಳಿದನು. ಆ ಮಾತು ಯಜಮಾನನಿಗೆ ಹಿಡಿತವಾಗಿ ಸಿಕ್ಕಿತು. ಹೌದು, ಗುರುತು ಹೇಳುವವರು ಯಾರೆಂದನು.

ಆಗ ಹೆಂಗಸರ ನಡುವಿನಿಂದ ಹುಲಿಗೆಮ್ಮ ಎದ್ದಳು. ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು, ಬಗ್ಗಿ, ಕಂಬಳಿಯ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು. ಹಿರಿಯ ಮಗನ ಮುಖದ ಕಡೆಗೆ ತಿರುಗಲಿಲ್ಲ.

"ನೂಲು ನಂದು. ಬೈಲನ ಮದುವೇಗೆ ನೂತಿದ್ದು. ನನ್ನ ಕೈ ನೂಲು ನನಗೆ ಗೊತ್ತಾಗಲ್ವ? ಕೂಗ್ರಿ, ಯಜಮಾನ್ರೆ. ಕಾಳು ಬಿಸಿಲಿಗೆ ಕಾಯ್ತಾ ಐತೆ."

ಕಟ್ಟೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುರಿಗೆ ಹೋದವರ ಕಂಬಳಿಗಳು ಆಗಲೇ ಅಲ್ಲಿ ಸಾಲಾಗಿ ಹಾಸಿದ್ದವು. ಅವುಗಳಿಗೆ ಸಲ್ಲುವುದು ಇದಕ್ಕೆ ಸಲ್ಲದೆನ್ನಬೇಕಾದರೆ ದೂರ ಹೋದವರಲ್ಲಿ ಯಾರು ಬರುವರು, ಯಾರು ಬಾರರೆಂದು ಯಜಮಾನನೇ ಕುಳಿತು ಹೇಳಬೇಕಾಗುತ್ತಿತ್ತು. ಆ ಹೆಂಡಂದಿರೆಲ್ಲ ಎದುರಿಗೇ ಕುಳಿತಿದ್ದರು. ಓಬಳಪ್ಪ ಬೈಲಪ್ಪನ ಮನೆಯೆಂದು ಕೂಗಿದನು. ಗಾದ್ರಮ್ಮ ಎರಡು ಕೊಳಗ ಅಳೆದು ಸುರಿದಳು. ಗಡಿಗೆಯ ತಳದಲ್ಲಿ ಹಿಡಿಯಷ್ಟು ಉಳಿಯಿತು. ಪೂಜಾರಿ ಅದನ್ನೂ ಹಾಕೆಂದು ಕೈ ನೀಡಿದನು. ಅದು ಮನೆಯದೆಂದು ಹೇಳಿ, ಗಡಿಗೆಯನ್ನು ತಲೆಗೇರಿಸಿಕೊಂಡಳು. ವೀಳ್ಯವನ್ನು ಕಂಬಳಿ ಸಮೇತ ಮಡಿಸಿ ಒಯ್ದಳು.

ಆ ಆಷಾಢದಲ್ಲಿ ಗುಡಾಣದ ತಳ ಕಂಡಿತು. ಸೊಪ್ಪು ಬೇಯಿಸಿ, ನೂಲು ಮಾರಿ, ಹೊಸ ಸಜ್ಜೆ ಬರುವವರೆಗೆ ದಿನ ನೂಕಿದಳು. ಭಾವನ ಬಾಗಿಲಿಗೆ ಮೊರ ಹಿಡಿದು ಹೋಗಲಿಲ್ಲ. ಹುಲಿಗೆಮ್ಮ ಒಂದು ಸಂಜೆ ತನ್ನ ಹಾಸಿಗೆಯ ಗಂಟನ್ನು ಹೊತ್ತುಕೊಂಡು ಬಂದು ಕಿರಿಯ ಮಗನ ಮನೆಯಲ್ಲಿ ಇಳಿಸಿದಳು. ಬೀಸುಕಲ್ಲಿಗೆ ಇನ್ನೊಂದು ಕೈ ಬಂದಂತಾಯಿತು.

ಭೀಮಕ್ಕನ ಮದುವೆಯನ್ನು ಗಾದ್ರಮ್ಮ ನಾಲ್ಕು ವರ್ಷ ತಡೆದು, ತ್ಯಾವಣಿಗೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದ, ಅವಳದೇ ವಯಸ್ಸಿಗೆ ಹೊಂದುವ ಹುಡುಗನಿಗೆ ಮಾಡಿಕೊಟ್ಟಳು. ತಂದೆಯನ್ನು ಮಣ್ಣು ಮಾಡಿದ ಏರಿ ಅಲ್ಲಿಂದ ಕೂಗಳತೆಯಲ್ಲಿತ್ತು.

ಯುದ್ಧದ ವರ್ಷಗಳು ಬಂದವು. ಸರ್ಕಾರದವರು ಲೆವಿಯೆಂದು ಮನೆಮನೆಯ ಕಾಳು ಅಳೆದುಕೊಂಡು ಹೋದರು. ಸೀಮೆಎಣ್ಣೆ ಜಗಳೂರಿನ ಅಂಗಡಿಯಲ್ಲೂ ಸಿಗದಂತಾಯಿತು. ಅಂಥ ಹೊತ್ತಿನಲ್ಲಿ, ೧೯೪೪ರ ಯುಗಾದಿಗೆ, ಗುಡಿಗೆ ಹೆಂಚು ಹೊದಿಸಬೇಕೆಂದು ಊರ ಹಿರಿಯರು ವಂತಿಗೆಯನ್ನು ಇಮ್ಮಡಿ ಮಾಡಿದರು. ಮನೆಗೆ ನಾಲ್ಕು ಕೊಳಗ. ಆಗದವರು ಎರಡೇ ಕೊಡಲಿ, ಅದು ಅರ್ಧವೆಂದು ಲೆಕ್ಕವೆಂದರು. ಇದನ್ನೂ ಕನಿಕರವೆಂದೇ ಕರೆದರು. ಅರ್ಧದ ಮನೆಗಳು ಎಂದಿನಂತೆ ಹತ್ತಿರದ ದಾಯಾದಿಯ ಪೂರ್ತಿ ಮನೆಗೆ ಸೇರತಕ್ಕದ್ದು.

ಅದರ ಹಿಂದಿನ ಎರಡು ವರ್ಷಗಳಲ್ಲಿ ಹಾಲೇಶಪ್ಪನ ಕುರಿಗಳು ಬೇನೆ ಬಿದ್ದು ಸತ್ತಿದ್ದವು. ಗಾದ್ರಮ್ಮನ ಮಂದೆ ಹೇಗೋ ಉಳಿದಿತ್ತು. ನಾಲ್ಕು ಕೊಳಗ ಸುರಿಯುವ ಶಕ್ತಿ ಅವಳಿಗಿತ್ತು, ಹಾಲೇಶಪ್ಪನಿಗಿರಲಿಲ್ಲ. ಯುಗಾದಿಯ ಹಿಂದಿನ ದಿನ ಅವನು ಅವಳ ಜಗಲಿಗೆ ಬಂದು ಬಹಳ ಹೊತ್ತು ಕುಳಿತನು. ಮಾತು ಮಳೆಯ ಮೇಲೆ ಹೋಯಿತು, ಶೇಂಗಾದ ಮೇಲೆ ಹೋಯಿತು. ಕೊನೆಗೆ ಗಾದ್ರಮ್ಮನೇ ಬಾಯಿಬಿಟ್ಟಳು.

"ಭಾವ, ನಾಳೆ ನೀವು ಎರಡು ಹಾಕಿ, ನಾನು ನಾಲ್ಕು ಹಾಕಿದ್ರೆ ನಿಮ್ಮ ಒಲೆ ನನ್ನ ಒಲೆಗೆ ಸೇರತೈತೆ. ನಿಮ್ಮನ್ನೆಲ್ಲ ಸಾಕಾಕೆ ನನ್ನ ಅಡಿಗೆಮನೇಲಿ ಜಾಗ ಇಲ್ಲ."

ಹಾಲೇಶಪ್ಪ ತಲೆ ತಗ್ಗಿಸಿದವನು, ಮಾತಿನ ಕೊನೆಗೆ ಬಾಯಿ ಮುಚ್ಚಿಕೊಂಡು ನಕ್ಕನು.

ಮರುದಿನ ಅವಳ ಮನೆಯ ಸರದಿ ಬಂದಾಗ ಗಾದ್ರಮ್ಮ ಕಂಬಳಿ ಹಾಸಿ ಎರಡೇ ಕೊಳಗ ಸುರಿದು, ಕೊಳಗವನ್ನು ನೆಲಕ್ಕೆ ಬೋರಲು ಹಾಕಿದಳು. ಓಬಳಪ್ಪನಿಗೆ ಆಗ ಕಣ್ಣು ಮಂಜಾಗಿತ್ತು. ಇನ್ನೆರಡು ಎಲ್ಲಿ ಎಂದು ಕೇಳಿದನು.

"ಪೂರ್ತಿ ಇಷ್ಟೇ, ಯಜಮಾನ್ರೆ. ಹಿಂದೆ ನನಗೆ ಅರ್ಧ ಸಾಕು ಅಂದ್ರಿ, ನಾನು ಪೂರ್ತಿ ಹಾಕಿದೆ. ಈಗ ಇದನ್ನೇ ಅರ್ಧ ಅಂತೀರಿ. ಕೊಳಗ ಅದೇ ಐತೆ, ಕರಿಯಮ್ಮನೂ ಅವಳೇ. ಹೆಂಚು ಬೇಕು ಅನ್ನೋರು ಹೆಂಚು ತರಿಸ್ರಿ. ಮನೆ ಮುರಿಸಿ ಗುಡಿ ಮುಚ್ಚಬ್ಯಾಡ್ರಿ."

ಅವಳ ಹಿಂದೆಯೇ ಹಾಲೇಶಪ್ಪ ಎದ್ದು ಎರಡು ಕೊಳಗ ಸುರಿದನು, ಅವಳಂತೆಯೇ ಕೊಳಗವನ್ನು ಬೋರಲು ಹಾಕಿದನು. ಅನಂತರ ಕೂಗಿಸಿಕೊಂಡವರಲ್ಲಿ ಹೆಚ್ಚಿನವರು ಹಾಗೆಯೇ ಮಾಡಿದರು. ನಾಲ್ಕು ಸುರಿದವರೂ ಕೆಲವರಿದ್ದರು. ಅದು ಅವರಿಷ್ಟ, ಗಾದ್ರಮ್ಮ ಅದಕ್ಕೆ ಬೇಡವೆನ್ನಲಿಲ್ಲ. ಓಬಳಪ್ಪ ಎಲ್ಲರಿಗೂ ವೀಳ್ಯ ಕೊಟ್ಟನು. ಗುಡಿಗೆ ಹೆಂಚು ಬಂದದ್ದು ಯುದ್ಧ ಮುಗಿದ ಮೇಲೆ. ಅದುವರೆಗೂ ಕರಿಯಮ್ಮ ಹುಲ್ಲಿನ ಮಾಡಿನ ಕೆಳಗೇ ಇದ್ದಳು, ದೀಪ ಒಂದು ಸಂಜೆಯೂ ತಪ್ಪಲಿಲ್ಲ.

ಹುಲಿಗೆಮ್ಮ ೧೯೪೬ರಲ್ಲಿ ಸೊಸೆಯ ಮನೆಯಲ್ಲಿಯೇ ಕಣ್ಣು ಮುಚ್ಚಿದಳು. ಗಾದ್ರಮ್ಮ ೧೯೪೯ರ ಮಳೆಗಾಲದಲ್ಲಿ ಜ್ವರ ಬಂದು ಮಲಗಿದವಳು ಮೇಲೇಳಲಿಲ್ಲ. ಅವಳ ಕಡೆಯ ಯುಗಾದಿಯಲ್ಲಿ ಓಬಳಪ್ಪನ ಮಗ, ಹೊಸ ಯಜಮಾನ, ಯಾರೂ ಹೇಳಿಕೊಡದೆ ಗಾದ್ರಮ್ಮನ ಮನೆಯೆಂದು ಕೂಗಿದ್ದನು. ಅವಳು ತಿದ್ದಲಿಲ್ಲ.

ಆಕೆ ಬಿಟ್ಟುಹೋದದ್ದು:

ಮಣ್ಣಿನ ಮನೆ ಒಂದು, ಉರಿಯುವ ಒಲೆಯೊಂದಿಗೆ.
ಊರ ಮುಂದಿನ ಎರೆಹೊಲ, ಬೇರೆ ಯಾರ ಹೆಸರಿಗೂ ಸೇರದೆ ಉಳಿದದ್ದು.
ಬೇನೆಯಿಂದ ಉಳಿದ ಕುರಿಗಳು, ಅವುಗಳ ಮರಿಗಳು.
ಬೀಸುಕಲ್ಲು, ನೂಲುವ ಕದಿರು, ಅತ್ತೆಯ ಹಾಸಿಗೆಯ ಗಂಟು.
ತ್ಯಾವಣಿಗೆಯಲ್ಲಿ ಭೀಮಕ್ಕ, ಅವಳ ಇಬ್ಬರು ಮಕ್ಕಳು.
ಮನೆಯಲ್ಲಿ ಬಂಗಾರಮ್ಮ, ಮನೆಗೇ ಬಂದು ನೆಲೆಸಿದ ಅಳಿಯ.
ಅಂಚು ಸವೆದ ಕರಿಯ ಕಂಬಳಿ; ಮಡಿಕೆಯಲ್ಲಿ ಒಣಗಿದ ವೀಳ್ಯದೆಲೆಗಳು.
ಮುಂದಿನ ಯುಗಾದಿಗೆಂದು ಹಿಡಿಹಿಡಿಯಾಗಿ ಹಾಕುತ್ತಿದ್ದ ಜೋಳದ ಗಡಿಗೆ, ಇನ್ನೂ ಕಾಲುಭಾಗ ತುಂಬಬೇಕಿತ್ತು.